ಸಣ್ಣ ವಿದ್ಯಾಲಯದ ಹಿರಿಮೆ



ಮಕ್ಕಳನ್ನು ಉನ್ನತ ವಿದ್ಯಾಭ್ಯಾಸಕ್ಕೆ ಕಳುಹಿಸುವ ತಂದೆತಾಯಿಗಳು ಮೊದಲು ವಿಚಾರಿಸುವುದು ವಿದ್ಯಾಲಯದ ಹೆಸರನ್ನು, ಅನಂತರ ಅದರ ವಿಸ್ತಾರವನ್ನು. ಕಟ್ಟಡಗಳೆಷ್ಟು, ವಿಭಾಗಗಳೆಷ್ಟು, ಓದಿ ಹೊರಬಂದವರಿಗೆ ದೊರೆಯುವ ಸಂಬಳವೆಷ್ಟು ಎಂಬುದೇ ಲೆಕ್ಕಾಚಾರ. ಅಲ್ಲಿ ಕಲಿಸುವವರು ಯಾರು, ಅವರು ನಮ್ಮ ಮಗುವಿನ ಹೆಸರನ್ನಾದರೂ ಬಲ್ಲರೇ, ಆ ಸಂಸ್ಥೆ ಯಾವ ತತ್ತ್ವವನ್ನು ನೆಚ್ಚಿ ನಿಂತಿದೆ ಎಂಬ ಪ್ರಶ್ನೆಗಳು ಏಳುವುದು ವಿರಳ. ಈ ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ಬೆಳೆದ ಒಂದು ವಿದ್ಯಾಸಂಪ್ರದಾಯವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿದೆ. ಅಲ್ಲಿಯ ಸಣ್ಣ ಖಾಸಗಿ ‘ಲಿಬರಲ್ ಆರ್ಟ್ಸ್’ ಕಾಲೇಜುಗಳನ್ನು ಕುರಿತು, ಅದರಲ್ಲಿಯೂ ಬೆರಿಯಾ ಎಂಬ ಒಂದು ಕಾಲೇಜಿನ ಚರಿತ್ರೆಯನ್ನು ಕುರಿತು, ಇಲ್ಲಿ ಕೆಲವು ಮಾತುಗಳನ್ನು ತಮ್ಮೆದುರು ಇಡಬಯಸುತ್ತೇವೆ.

ಹೆಸರಿನಲ್ಲಿ ‘ಆರ್ಟ್ಸ್’ ಎಂದಿದ್ದರೂ ಇವು ಕೇವಲ ಕಲಾವಿಭಾಗದ ಕಾಲೇಜುಗಳಲ್ಲ. ಪ್ರಾಚೀನ ರೋಮಿನಲ್ಲಿ ದಾಸನಲ್ಲದ, ಸ್ವತಂತ್ರನಾದ ನಾಗರಿಕನಿಗೆ ತಕ್ಕ ವಿದ್ಯೆಗಳಿಗೆ ಈ ಹೆಸರಿದ್ದಿತು. ಮಧ್ಯಯುಗದ ಯೂರೋಪು ವ್ಯಾಕರಣ, ತರ್ಕ, ವಾಗ್ಮಿತೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂದು ಅವನ್ನು ಏಳಾಗಿ ಎಣಿಸಿತು. ಇಂದು ಇಂಥ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಪ್ರಧಾನ ವಿಷಯವಾಗಿ ಓದುವವನೂ ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರಗಳಲ್ಲಿ ಕೆಲವನ್ನಾದರೂ ಓದಬೇಕು. ಕಾವ್ಯವನ್ನು ಓದುವವಳೂ ಗಣಿತ, ವಿಜ್ಞಾನಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಒಂದು ವೃತ್ತಿಗೆ ಕೈಯನ್ನು ಪಳಗಿಸುವ ಮೊದಲು ಬುದ್ಧಿಯನ್ನು ಪಳಗಿಸಬೇಕೆಂಬುದು ಈ ಕ್ರಮದ ತಿರುಳು. ಸೇರುವುದಕ್ಕೆ ಮೊದಲನೆಯ ಕಾರಣವೇ ಇದು: ಕಲಿತ ವೃತ್ತಿ ಕಾಲಾಂತರದಲ್ಲಿ ಬದಲಾದರೂ ಕಲಿಯುವ ಶಕ್ತಿ ಉಳಿಯುತ್ತದೆ.

ಎರಡನೆಯ ಕಾರಣ ಗುರುಸನ್ನಿಧಿ. ಮ್ಯಾಸಚೂಸೆಟ್ಸ್ ಪ್ರಾಂತದ ವಿಲಿಯಮ್ಸ್ ಕಾಲೇಜಿನಲ್ಲಿ 1836ರಿಂದ 1872ರವರೆಗೆ ಅಧ್ಯಕ್ಷರಾಗಿದ್ದ ಮಾರ್ಕ್ ಹಾಪ್ಕಿನ್ಸ್ ಅವರು ಸ್ವತಃ ಪಾಠ ಹೇಳುತ್ತಿದ್ದರು. ಅವರಲ್ಲಿ ಓದಿ 1856ರಲ್ಲಿ ಪದವೀಧರನಾದ ಜೇಮ್ಸ್ ಗಾರ್ಫೀಲ್ಡ್ 1881ರಲ್ಲಿ ಆ ದೇಶದ ರಾಷ್ಟ್ರಾಧ್ಯಕ್ಷನಾದನು. ಒಂದು ಮರದ ದಿಮ್ಮಿಯ ಒಂದು ತುದಿಯಲ್ಲಿ ಹಾಪ್ಕಿನ್ಸರೂ ಇನ್ನೊಂದು ತುದಿಯಲ್ಲಿ ಒಬ್ಬ ವಿದ್ಯಾರ್ಥಿಯೂ ಕುಳಿತರೆ ಅದೇ ತನಗೆ ಸಾಕಾದ ಕಾಲೇಜು ಎಂಬರ್ಥದ ಮಾತು ಆತನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿ ನೂರಾರು ಜನರ ನಡುವೆ ಕುಳಿತು ಉಪನ್ಯಾಸ ಕೇಳುವುದುಂಟು. ಅವನ ಬರಹವನ್ನು ತಿದ್ದುವವರು ಎಷ್ಟೋ ವೇಳೆ ಸಂಶೋಧನ ವಿದ್ಯಾರ್ಥಿಗಳು. ಸಣ್ಣ ಕಾಲೇಜಿನಲ್ಲಿ ಪ್ರಾಧ್ಯಾಪಕರೇ ತಿದ್ದುತ್ತಾರೆ, ತಪ್ಪಿದಾಗ ಕರೆದು ಕೇಳುತ್ತಾರೆ. ಮಠದ ಆಶ್ರಯದಲ್ಲಿದ್ದು ಓದಿದ ತಮಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಮೂರನೆಯ ಕಾರಣವೇ ಗಹನವಾದುದು. ಸರ್ಕಾರದ ಅಂಗವಲ್ಲದ ಒಂದು ವಿದ್ಯಾಸಂಸ್ಥೆ ತಾನು ನಂಬಿದ ತತ್ತ್ವದಂತೆ ನಡೆಯಬಲ್ಲದೇ? 1769ರಲ್ಲಿ ಸ್ಥಾಪಿತವಾದ ಡಾರ್ಟ್‌ಮತ್ ಕಾಲೇಜನ್ನು ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಶಾಸನಸಭೆಯು 1816ರಲ್ಲಿ ತನ್ನ ವಶಕ್ಕೆ ತೆಗೆದುಕೊಳ್ಳಲು ಹವಣಿಸಿತು. ಅದೇ ಕಾಲೇಜಿನಲ್ಲಿ ಓದಿದ ಡೇನಿಯಲ್ ವೆಬ್‌ಸ್ಟರ್ ಅದರ ಪರವಾಗಿ ವಾದಿಸಿದನು. ಸ್ಥಾಪನೆಯ ಸನ್ನದು ಒಂದು ಕರಾರು, ಅದನ್ನು ಪ್ರಾಂತ ಸರ್ಕಾರ ಮುರಿಯಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1819ರಲ್ಲಿ ತೀರ್ಪಿತ್ತಿತು. ಖಾಸಗಿ ಕಾಲೇಜುಗಳಿಗೆ ಇದು ಅಭಯಪತ್ರದಂತಾಯಿತು. ಆದರೆ ಈ ಅಭಯ ಎಲ್ಲಿಯವರೆಗೆ ಕಾಯುತ್ತದೆ ಎಂಬುದನ್ನು ಕಂಡುಕೊಳ್ಳುವ ಕಷ್ಟವು ಸುಮಾರು ತೊಂಬತ್ತು ವರ್ಷಗಳ ಬಳಿಕ ಬೆರಿಯಾದ ಪಾಲಿಗೆ ಬಂದಿತು.

ಬೆರಿಯಾ ಇರುವುದು ಗುಲಾಮಗಿರಿ ಬೇರೂರಿದ್ದ ಕೆಂಟಕಿ ಪ್ರಾಂತದಲ್ಲಿ. ಅದರ ಸಂಸ್ಥಾಪಕ ಜಾನ್ ಫೀ ಗುಲಾಮರ ಒಡೆಯನೊಬ್ಬನ ಮಗ. ಗುಲಾಮಗಿರಿಯನ್ನು ಪಾಪವೆಂದು ಬೋಧಿಸಲು ಹೊರಟ ಮಗನಿಗೆ ತಂದೆ ಆಸ್ತಿಯ ಹಕ್ಕನ್ನು ತಪ್ಪಿಸಿದನು. ಕ್ಯಾಸಿಯಸ್ ಕ್ಲೇ ಎಂಬ ಜಮೀನುದಾರನು ಕೊಟ್ಟ ನೆಲದಲ್ಲಿ 1855ರಲ್ಲಿ ಒಂದೇ ಕೋಣೆಯ ಶಾಲೆ ಏರ್ಪಟ್ಟಿತು. ಸಕಲ ಜನಾಂಗಗಳೂ ಒಂದೇ ರಕ್ತದಿಂದ ಸೃಷ್ಟಿಯಾದವುಗಳೆಂಬ ಬೈಬಲ್ಲಿನ ಭಾವವೇ ಸಂಸ್ಥೆಯ ಧ್ಯೇಯವಾಯಿತು. 1859ರ ಅಕ್ಟೋಬರಿನಲ್ಲಿ ಜಾನ್ ಬ್ರೌನನು ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ ಸುದ್ದಿ ಹಬ್ಬಿದಾಗ ಗುಲಾಮರ ಒಡೆಯರು ದಿಗಿಲುಗೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಶಸ್ತ್ರಧಾರಿಗಳ ಗುಂಪೊಂದು ಬಂದು, ಹತ್ತು ದಿನಗಳೊಳಗೆ ಊರು ಬಿಡಬೇಕೆಂದು ಬೆರಿಯಾದ ಅಧ್ಯಾಪಕರಿಗೆ ಆಜ್ಞೆ ಮಾಡಿತು. ಚಳಿಗಾಲದಲ್ಲಿ ಆ ಕುಟುಂಬಗಳು ಮನೆಮಾರುಗಳನ್ನು ತೊರೆದು ಹೊರಟವು.

ಅಂತರ್ಯುದ್ಧ ಮುಗಿದ ಮೇಲೆ ಫೀ ಮರಳಿ ಬಂದನು. 1866ರಲ್ಲಿ ಕಪ್ಪು ಜನಾಂಗದ ಮಕ್ಕಳು ಶಾಲೆಗೆ ಕಾಲಿರಿಸಿದಾಗ ಬಿಳಿಯ ವಿದ್ಯಾರ್ಥಿಗಳಲ್ಲಿ ಹಲವರು ಎದ್ದು ಹೋದರು. ಸಂಸ್ಥೆ ಮಣಿಯಲಿಲ್ಲ. 1866–67ನೆಯ ಸಾಲಿನಲ್ಲಿ ಅಲ್ಲಿದ್ದ 187 ವಿದ್ಯಾರ್ಥಿಗಳಲ್ಲಿ 96 ಮಂದಿ ಕಪ್ಪು ಜನಾಂಗದವರು, 91 ಮಂದಿ ಬಿಳಿಯರು. ನಿನ್ನೆಯವರೆಗೆ ಗುಲಾಮರಾಗಿದ್ದವರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಕೋಣೆಯಲ್ಲಿ ಕುಳಿತು ಓದಿದರೆಂಬುದು ಆ ಕಾಲದ ಕೆಂಟಕಿಯಲ್ಲಿ ಎಂತಹ ಸಾಹಸವೆಂಬುದನ್ನು ತಾವೇ ಊಹಿಸಿಕೊಳ್ಳಬಹುದು. ಹೀಗೆ ಸುಮಾರು ನಾಲ್ಕು ದಶಕಗಳು ಕಳೆದವು. ಗುಲಾಮರಾಗಿದ್ದ ತಂದೆತಾಯಿಗಳ ಮಗನಾದ ಕಾರ್ಟರ್ ವುಡ್ಸನ್ 1903ರಲ್ಲಿ ಇಲ್ಲಿ ಪದವಿ ಪಡೆದನು. 1912ರಲ್ಲಿ ಹಾರ್ವರ್ಡಿನ ಡಾಕ್ಟರೇಟ್ ಗಳಿಸಿದನು. 1926ರಲ್ಲಿ ತನ್ನ ಜನಾಂಗದ ಇತಿಹಾಸವನ್ನು ಸ್ಮರಿಸುವ ವಾರಾಚರಣೆಯನ್ನು ಆರಂಭಿಸಿದನು.

ವುಡ್ಸನ್ ಪದವಿ ಪಡೆದ ಮರುವರ್ಷವೇ ಸಿಡಿಲೆರಗಿತು. ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳನ್ನು ಒಂದೇ ಸಂಸ್ಥೆಯಲ್ಲಿ ಕೂಡಿಸಿ ಕಲಿಸುವುದು ಅಪರಾಧವೆಂದು ಕೆಂಟಕಿಯ ಶಾಸನಸಭೆಯು 1904ರಲ್ಲಿ ‘ಡೇ ಕಾನೂನ’ನ್ನು ಮಾಡಿತು. ಇಡೀ ಪ್ರಾಂತದಲ್ಲಿ ಈ ಕಾನೂನಿಗೆ ಗುರಿಯಾಗಬಲ್ಲ ಕಾಲೇಜೆಂದರೆ ಬೆರಿಯಾ ಒಂದೇ. ಸಂಸ್ಥೆಗೆ 1000 ಡಾಲರ್ ದಂಡ ಬಿದ್ದಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ತಾನು ಸನ್ನದು ಕೊಟ್ಟ ಸಂಸ್ಥೆಯ ಅಧಿಕಾರಗಳನ್ನು ಮಾರ್ಪಡಿಸುವ ಹಕ್ಕು ಪ್ರಾಂತಕ್ಕುಂಟೆಂದು ಹೇಳಿ ನ್ಯಾಯಾಲಯವು 1908ರ ನವೆಂಬರಿನಲ್ಲಿ ಬೆರಿಯಾದ ವಿರುದ್ಧ ತೀರ್ಪಿತ್ತಿತು. ಡಾರ್ಟ್‌ಮತ್ತಿಗೆ ದೊರೆತ ಅಭಯ ಬೆರಿಯಾಕ್ಕೆ ದೊರೆಯಲಿಲ್ಲ. ಕೆಂಟಕಿಯವರೇ ಆದ ನ್ಯಾಯಮೂರ್ತಿ ಹಾರ್ಲನ್ ಅವರು, ಸ್ವಇಚ್ಛೆಯಿಂದ ಕೂಡಿ ಕಲಿಯುವವರನ್ನು ಅಪರಾಧಿಗಳೆನ್ನುವ ಕಾನೂನು ಸ್ವಾತಂತ್ರ್ಯಕ್ಕೇ ವಿರುದ್ಧವೆಂದು ಭಿನ್ನ ತೀರ್ಪು ಬರೆದರು.

ಇಲ್ಲಿ ಚರಿತ್ರೆಯನ್ನು ಅಲಂಕರಿಸದೆ ಹೇಳಬೇಕು. 1892ರಲ್ಲಿ ಅಧ್ಯಕ್ಷರಾಗಿ ಬಂದ ವಿಲಿಯಂ ಫ್ರಾಸ್ಟ್ ಅವರ ಗಮನವು ಅಪಲೇಚಿಯ ಬೆಟ್ಟಸೀಮೆಯ ಬಡ ಬಿಳಿಯರ ಕಡೆಗೆ ಹೆಚ್ಚಾಗಿ ಹರಿದಿದ್ದಿತು. ಕಾನೂನು ಬರುವ ಮೊದಲೇ ಕಪ್ಪು ವಿದ್ಯಾರ್ಥಿಗಳ ಪ್ರಮಾಣ ತಗ್ಗಿದ್ದಿತು. ಆದುದರಿಂದ ಸಂಸ್ಥೆ ತನ್ನ ವ್ರತದಲ್ಲಿ ಎಂದೂ ಸಡಿಲಗೊಳ್ಳಲಿಲ್ಲವೆಂದು ಹೇಳುವುದು ಸತ್ಯವಾಗದು. ಆದರೆ ಅದು ವ್ರತವನ್ನು ಮರೆತುಬಿಡಲೂ ಇಲ್ಲ. ಹೊರಹೋಗಬೇಕಾಗಿ ಬಂದ ವಿದ್ಯಾರ್ಥಿಗಳು ಬೇರೆಡೆ ಓದು ಮುಂದುವರಿಸಲು ನೆರವಾಯಿತು. ನಿಧಿ ಕೂಡಿಸಿ ಕಪ್ಪು ಜನಾಂಗದವರಿಗಾಗಿ ಕಟ್ಟಿದ ಲಿಂಕನ್ ಇನ್‌ಸ್ಟಿಟ್ಯೂಟ್ 1912ರಲ್ಲಿ ಬಾಗಿಲು ತೆರೆಯಿತು. 1950ರಲ್ಲಿ ಡೇ ಕಾನೂನಿಗೆ ತಿದ್ದುಪಡಿಯಾದ ಕೂಡಲೇ ಬೆರಿಯಾ ಕಪ್ಪು ವಿದ್ಯಾರ್ಥಿಗಳನ್ನು ಮತ್ತೆ ಬರಮಾಡಿಕೊಂಡಿತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ಸಾರಿದ್ದು ಅದಕ್ಕೂ ನಾಲ್ಕು ವರ್ಷ ತಡವಾಗಿ, 1954ರಲ್ಲಿ.

ಬೆರಿಯಾದ ಇನ್ನೊಂದು ವೈಶಿಷ್ಟ್ಯ ದುಡಿಮೆ. 1892ರಿಂದ ಈಚೆಗೆ ಅಲ್ಲಿ ಬೋಧನ ಶುಲ್ಕವಿಲ್ಲ. ಬಡವರ ಮಕ್ಕಳಿಗೇ ಪ್ರವೇಶದಲ್ಲಿ ಆದ್ಯತೆ. ಸುಮಾರು 1500 ವಿದ್ಯಾರ್ಥಿಗಳಲ್ಲಿ ಪ್ರತಿಯೊಬ್ಬರೂ ಓದಿನೊಡನೆ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯಲೇಬೇಕು. ಕೆಲವರು ಮಗ್ಗದಲ್ಲಿ ನೇಯುತ್ತಾರೆ, ಕೆಲವರು ಪೊರಕೆ ಕಟ್ಟುತ್ತಾರೆ, ಕೆಲವರು ಹೊಲದಲ್ಲಿಯೋ ಗ್ರಂಥಾಲಯದಲ್ಲಿಯೋ ಕಚೇರಿಯಲ್ಲಿಯೋ ಕೆಲಸ ಮಾಡುತ್ತಾರೆ. ಇಂಥ ಕೆಲಸ ಕೀಳೆಂಬ ಭಾವನೆಗೆ ಅಲ್ಲಿ ಎಡೆಯಿಲ್ಲ. ಶುಲ್ಕವಿಲ್ಲದೆ ಕಾಲೇಜು ನಡೆಯುವುದು ಹೇಗೆಂಬ ಸಂದೇಹ ತಮಗೆ ಬರಬಹುದು. ದಾನಿಗಳು ಷರತ್ತಿಲ್ಲದೆ ಮರಣಶಾಸನದ ಮೂಲಕ ಬಿಟ್ಟುಹೋದ ಹಣವನ್ನು ಖರ್ಚುಮಾಡದೆ ಮೂಲನಿಧಿಗೇ ಸೇರಿಸಬೇಕೆಂದು ಧರ್ಮದರ್ಶಿಗಳು 1920ರಲ್ಲಿ ನಿರ್ಣಯಿಸಿದರು. ಆ ನಿಧಿಯ ಉತ್ಪನ್ನವೇ ಇಂದು ಕಾಲೇಜಿನ ವೆಚ್ಚದ ಬಹುಭಾಗವನ್ನು ಹೊರುತ್ತಿದೆ. ನೂರು ವರ್ಷಗಳ ಹಿಂದಿನ ಹಿರಿಯರ ಮಿತವ್ಯಯವು ಇಂದಿನ ಮಕ್ಕಳ ವಿದ್ಯೆಯಾಗಿ ಫಲಿಸಿದೆ.

ಎಲ್ಲ ಸಣ್ಣ ಕಾಲೇಜುಗಳೂ ಹೀಗೆಯೇ ಇವೆಯೆಂದು ಯಾರೂ ಭ್ರಮಿಸಬಾರದು. ಹೆಚ್ಚಿನವುಗಳಲ್ಲಿ ಶುಲ್ಕ ಬಹು ದುಬಾರಿ. ಮೂಲನಿಧಿ ಅಲ್ಪವಾಗಿರುವಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಕುಗ್ಗಿದೊಡನೆ ಸಂಸ್ಥೆಯ ಉಳಿವೇ ಸಂದೇಹವಾಗುತ್ತದೆ. ವರ್ಮಾಂಟಿನ ಮಾರ್ಲ್‌ಬರೋ ಕಾಲೇಜು 2020ರಲ್ಲಿ ಮುಚ್ಚಿಹೋಯಿತು. ವರ್ಜೀನಿಯದ ಸ್ವೀಟ್ ಬ್ರಯರ್ ಎಂಬ ಮಹಿಳಾ ಕಾಲೇಜನ್ನು ಮುಚ್ಚುವುದಾಗಿ ಅದರ ಆಡಳಿತ ಮಂಡಲಿ 2015ರ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿತು. ಆಗ ಅಲ್ಲಿ ಓದಿದ ಹಳೆಯ ವಿದ್ಯಾರ್ಥಿನಿಯರು ಒಂದಾದರು, ನ್ಯಾಯಾಲಯದ ಮೊರೆಹೊಕ್ಕರು, 1 ಕೋಟಿ 20 ಲಕ್ಷ ಡಾಲರುಗಳನ್ನು ಕೂಡಿಸಿಕೊಡುವ ಹೊಣೆ ಹೊತ್ತರು. ಜೂನ್ ತಿಂಗಳಲ್ಲಿ ರಾಜಿಯಾಗಿ ಕಾಲೇಜು ಉಳಿಯಿತು. ಎಂದೋ ಬಿಟ್ಟುಬಂದ ವಿದ್ಯಾಲಯಕ್ಕಾಗಿ ಇಷ್ಟು ದುಡಿಯುವ ಮನಸ್ಸು ಅಂಕಪಟ್ಟಿಯಿಂದ ಬರುವುದಿಲ್ಲ. ಅಲ್ಲಿ ತಮ್ಮನ್ನು ಹೆಸರಿಟ್ಟು ಕರೆದು ಬೆಳೆಸಿದವರಿದ್ದರು ಎಂಬ ಸ್ಮರಣೆಯಿಂದ ಬರುತ್ತದೆ. ಇಂಥ ಬಾಂಧವ್ಯವನ್ನು ನಾಲ್ಕನೆಯ ಕಾರಣವೆಂದು ಎಣಿಸಬಹುದು.

ಇಂಜಿನಿಯರಿಂಗಿನಂಥ ವಿದ್ಯೆಯನ್ನು ಮೊದಲ ವರ್ಷದಿಂದಲೇ ಕಲಿಯಬಯಸುವವರಿಗೂ, ಭಾರಿ ಪ್ರಯೋಗಶಾಲೆಗಳ ಅಗತ್ಯವಿರುವವರಿಗೂ ದೊಡ್ಡ ವಿಶ್ವವಿದ್ಯಾಲಯವೇ ತಕ್ಕುದು. ಇದರಲ್ಲಿ ವಿವಾದವಿಲ್ಲ. ಆದರೆ ತಮ್ಮ ಮನೆಯ ಮಕ್ಕಳು ಅಮೆರಿಕದಲ್ಲಿ ಪದವಿ ವ್ಯಾಸಂಗಕ್ಕೆ ಹೊರಟು ನಿಂತಾಗ, ಹೆಸರಿನ ಸದ್ದನ್ನಷ್ಟೇ ಕೇಳಿ ನಿರ್ಧರಿಸದೆ ನಾಲ್ಕು ಪ್ರಶ್ನೆಗಳನ್ನು ಕೇಳಿನೋಡಿರಿ. ಮೊದಲ ವರ್ಷದ ತರಗತಿಯಲ್ಲಿ ಪಾಠ ಹೇಳುವವರು ಯಾರು? ಒಂದು ತರಗತಿಯಲ್ಲಿ ಎಷ್ಟು ಮಂದಿ? ಶುಲ್ಕದಲ್ಲಿ ಸಹಾಯ ಎಷ್ಟು, ಕೊನೆಗೆ ತಲೆಯ ಮೇಲೆ ಉಳಿಯುವ ಸಾಲ ಎಷ್ಟು? ಕಷ್ಟಕಾಲ ಬಂದಾಗ ಈ ಸಂಸ್ಥೆ ತನ್ನ ತತ್ತ್ವಕ್ಕಾಗಿ ಏನನ್ನು ತ್ಯಾಗ ಮಾಡಿದೆ?

ಕೊನೆಯ ಪ್ರಶ್ನೆಗೆ ಉತ್ತರವು ಪ್ರವೇಶದ ಕೈಪಿಡಿಯಲ್ಲಿ ಸಿಗಲಾರದು. ಸಂಸ್ಥೆಯ ಚರಿತ್ರೆಯಲ್ಲಿ ಹುಡುಕಬೇಕು. ಒಮ್ಮೆ ಊರಿನಿಂದ ಅಟ್ಟಿಸಿಕೊಂಡು, ಇನ್ನೊಮ್ಮೆ ನ್ಯಾಯಾಲಯದಲ್ಲಿ ಸೋತು, ನಡುವೆ ತಾನೇ ಸಡಿಲಗೊಂಡು, ಆದರೂ ತನ್ನ ಮೊದಲ ಮಾತಿಗೆ ಮರಳಿ ಬಂದ ಒಂದು ಸಣ್ಣ ವಿದ್ಯಾಲಯವು ವಿದ್ಯಾರ್ಥಿಗೆ ಪುಸ್ತಕದಲ್ಲಿಲ್ಲದ ಪಾಠವೊಂದನ್ನು ಕಲಿಸುತ್ತದೆ. ಆ ಪಾಠಕ್ಕಾಗಿ ದೊಡ್ಡ ಹೆಸರನ್ನು ಬಿಟ್ಟು ಸಣ್ಣ ಬಾಗಿಲನ್ನು ತಟ್ಟಿದವರು ನಷ್ಟಪಡುವವರಲ್ಲ.