ತಲೆಕಟ್ಟಿನ ತೂಕ: ಕನ್ನಡ ದಪ್ಪಕ್ಷರದ ಚರಿತ್ರೆಗೆ ಸಿಂದಗಿ ಸೀಮೆಯ ನಾಲ್ಕು ಹೆಸರುಗಳು

ರೋಮನ್ ಲಿಪಿಯಲ್ಲಿ ಗೆರೆ ಮುಗಿಯುವಲ್ಲಿ ಚಾಚಿಕೊಂಡ ಸಣ್ಣ ಅಡ್ಡತುದಿಗೆ ಸೆರಿಫ್ ಎಂದು ಹೆಸರು. ಅದನ್ನು ಕಿತ್ತುಹಾಕಿದರೂ ಓದು ಕೆಡುವುದಿಲ್ಲ. ಕನ್ನಡದಲ್ಲಿ ನೋಟಕ್ಕೆ ಅದನ್ನೇ ಹೋಲುವುದು ತಲೆಕಟ್ಟು. ಆದರೆ ಕ, ದ, ಸಗಳ ತಲೆಕಟ್ಟು ಕಿತ್ತರೆ ಅಕಾರವೇ ಹೋಗುತ್ತದೆ. ಆ ಜಾಗದಲ್ಲಿ ಗುಡಿಸು ಬಂದರೆ ಕಿ, ದಿ, ಸಿ ಆಗುತ್ತವೆ. ಕನ್ನಡದ ದಪ್ಪಕ್ಷರ ಯಾವ ಗುಣದ್ದು ಎಂಬ ಪ್ರಶ್ನೆಗೆ ಉತ್ತರ ಈ ಭೇದದಿಂದಲೇ ಹೊರಡಬೇಕು ಎಂಬುದು ಇಲ್ಲಿನ ವಾದ. ಅದನ್ನು ಒರೆಗೆ ಹಚ್ಚಲು ವಿಜಯಪುರ ಜಿಲ್ಲೆಯ ನಾಲ್ಕು ಊರ ಹೆಸರುಗಳನ್ನು ಆರಿಸಿಕೊಂಡಿದ್ದೇನೆ: ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ.

ಕಲ್ಲು ಮತ್ತು ಓಲೆ

ತಲೆಕಟ್ಟಿನ ಮೂಲ ಬ್ರಾಹ್ಮಿಯಲ್ಲಿದೆ. ನೇರಗೆರೆಯನ್ನು ಬರೆಯಲು ತೊಡಗಿದ ಕಡೆ ಮೂಡುತ್ತಿದ್ದ ಉಬ್ಬು ಕಾಲಕ್ರಮದಲ್ಲಿ ಅಕ್ಷರದ ನೆತ್ತಿಯ ಗುರುತಾಯಿತು. ತಾಳಗುಂದದ ಕದಂಬ ಶಾಸನದಲ್ಲಿ ಅದು ಪುಟ್ಟ ಪೆಟ್ಟಿಗೆಯಂತೆ ಕೂತಿದೆ. ಅಂದರೆ ಹುಟ್ಟಿನಲ್ಲಿ ಅದು ಸೆರಿಫಿನ ಬಂಧುವೇ. ಮುಂದೆ ಕನ್ನಡದಲ್ಲಿ ಗುಣಿತದ ಕೆಲಸಕ್ಕೆ ಸೇರಿಕೊಂಡಿತು. ಇಂಡಿ ಸೀಮೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬಶಾಸನವಿದೆ. ಇಂಥ ಶಾಸನಗಳಲ್ಲಿ ಗೆರೆಯ ದಪ್ಪ ಉಳಿಯ ಅಗಲಕ್ಕೂ ಕಲ್ಲಿನ ಗಡಸಿಗೂ ಸೇರಿದ್ದು. ಒಂದು ಮಾತನ್ನು ಉಳಿದವುಗಳಿಗಿಂತ ಎತ್ತಿ ಹೇಳುವ ಉಪಾಯವಲ್ಲ.

ಓಲೆಗರಿಯಲ್ಲಿ ಅದೂ ಇಲ್ಲ. ಕಂಟದ ಮೊನೆ ಗರಿಯನ್ನು ಗೀರುತ್ತದೆ, ಮೇಲೆ ಉಜ್ಜಿದ ಮಸಿ ಗೀರಿನಲ್ಲಿ ನಿಲ್ಲುತ್ತದೆ. ಗೆರೆ ಮೊದಲಿಂದ ಕೊನೆಯವರೆಗೂ ಒಂದೇ ಸಣ್ಣಳತೆಯದು. ಪದಗಳ ನಡುವೆ ಜಾಗವನ್ನೂ ಬಿಡದ ಆ ಬರಹದಲ್ಲಿ ದಪ್ಪ, ತೆಳು ಎಂಬ ವಿಂಗಡಣೆಗೆ ಎಡೆಯಿರಲಿಲ್ಲ. ಆದ್ದರಿಂದ ಒತ್ತಿ ಹೇಳುವ ದಪ್ಪಕ್ಷರ ಕನ್ನಡಕ್ಕೆ ಅಚ್ಚಿನೊಡನೆ ಬಂದದ್ದು.

ಅಚ್ಚುಮೊಳೆಯ ಕಾಲ

ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. 1843ರ 'ಮಂಗಳೂರ ಸಮಾಚಾರ' ಮೊಳೆಯಿಲ್ಲದೆ ಕಲ್ಲಚ್ಚಿನಲ್ಲಿ ಹೊರಬಂತು. ಅದರ ಎರಡೇ ವರ್ಷದ ಮೇಲೆ, 1845ರಲ್ಲಿ, ಲಂಡನ್ನಿನ ರಾಬರ್ಟ್ ಬೆಸ್ಲಿಯ ಎರಕಶಾಲೆ ಕ್ಲಾರೆಂಡನ್ ಎಂಬ ದಪ್ಪ ಸೆರಿಫ್ ಅಕ್ಷರವನ್ನು ನೋಂದಾಯಿಸಿತು. ಸಾಧಾರಣ ಅಕ್ಷರದ ಸಾಲಿನೊಳಗೇ ಒಂದು ಪದವನ್ನು ಎತ್ತಿ ತೋರುವುದು ಅದರ ಕೆಲಸ. ನಿಘಂಟುಗಳಿಗೆ ಅದು ಹೇಳಿಮಾಡಿಸಿದಂತಿತ್ತು. 1894ರ ಕಿಟ್ಟೆಲ್ ನಿಘಂಟಿಗೆ ಈ ಉಪಾಯದ ಹಂಗು ಅಷ್ಟಿಲ್ಲ. ಶಬ್ದ ಕನ್ನಡದ್ದು, ವಿವರಣೆ ಇಂಗ್ಲಿಷಿನದು. ಲಿಪಿ ಬದಲಾಗುವುದೇ ಕಣ್ಣಿಗೆ ಗುರುತಾಗುತ್ತದೆ. ಪುಟವೆಲ್ಲ ಕನ್ನಡವೇ ಆದಾಗ ದಪ್ಪಕ್ಷರದ ಅಗತ್ಯ ತಲೆದೋರುತ್ತದೆ.

ಅಂಥ ಪುಟಗಳನ್ನು ಈ ಸೀಮೆಗೆ ಕೊಟ್ಟವರು ಫ.ಗು. ಹಳಕಟ್ಟಿ. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಅವರು ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು. ಓಲೆಯಲ್ಲಿ ಒಂದೇ ಹರಿವಾಗಿದ್ದ ವಚನ ಅಚ್ಚಿಗೆ ಬಂದಾಗ ವಚನಕಾರರ ಹೆಸರು, ಸ್ಥಲದ ತಲೆಬರಹ, ವಚನದ ಪಾಠ ಬೇರೆಬೇರೆಯಾಗಿ ಕಾಣಬೇಕು. ಗುಣಿತ, ಒತ್ತಕ್ಷರಗಳಿಂದಾಗಿ ಕನ್ನಡಕ್ಕೆ ನೂರಾರು ಬಗೆಯ ಮೊಳೆ ಬೇಕು. ದಪ್ಪಕ್ಷರ ಬೇಕೆಂದರೆ ಅಷ್ಟೂ ಮೊಳೆ ಮತ್ತೊಮ್ಮೆ ಕೊಳ್ಳಬೇಕು. ತಲೆಬರಹಕ್ಕಷ್ಟೇ ದೊಡ್ಡ ಅಳತೆಯ ಮೊಳೆ ಇಟ್ಟುಕೊಳ್ಳುವುದು ಸಣ್ಣ ಅಚ್ಚುಕೂಟಕ್ಕೆ ಹಗುರವಾದ ದಾರಿ.

ನಾಲ್ಕು ಹೆಸರುಗಳ ಪರೀಕ್ಷೆ

'ಸಿಂದಗಿ'ಯಲ್ಲಿ ತಲೆಕಟ್ಟು ಉಳಿದಿರುವುದು ದ ಒಂದರ ಮೇಲೆ. ಸಿ, ಗಿಗಳಲ್ಲಿ ಗುಡಿಸು ಕೂತಿದೆ. 'ಇಂಡಿ'ಯಲ್ಲಿ ಒಂದೂ ಇಲ್ಲ. 'ಬಸವನ'ದಲ್ಲಿ ಬ ಬೋಳು, ಮುಂದಿನ ಮೂರಕ್ಕೂ ತಲೆಕಟ್ಟಿದೆ. ರೋಮನ್ ಸೆರಿಫ್ ಸಾಲಿನುದ್ದಕ್ಕೂ ಒಂದೇ ತಾಳ ಹಿಡಿಯುತ್ತದೆ. ಕನ್ನಡದ ಸಾಲಿಗೆ ಆ ಆಸರೆಯಿಲ್ಲ. ಹಾಗಾಗಿ ದಪ್ಪಕ್ಷರ ಕೊರೆಯುವವರು ತಲೆಕಟ್ಟಿಗೆ ಕೊಟ್ಟಷ್ಟೇ ತೂಕವನ್ನು ಗುಡಿಸಿನ ಬಾಗಿಗೂ ಕೊಡಬೇಕು. ಇಲ್ಲವಾದರೆ 'ಸಿಂದಗಿ' ನಡುವೆ ಭಾರವಾಗಿ ಎರಡೂ ಕಡೆ ಸೊರಗುತ್ತದೆ.

ಎರಡನೆಯ ತೊಡಕು ಒಳಜಾಗದ್ದು. ದ ಧ ಆಗುವುದು, ಡ ಢ ಆಗುವುದು ಕೆಳಗಿನ ಒಂದು ಸೀಳಿನಿಂದ. ಗೆರೆ ದಪ್ಪವಾದಷ್ಟೂ ಸೀಳು ಮುಚ್ಚುತ್ತದೆ, ಸೊನ್ನೆಯ ಕಣ್ಣು ಮಸಿಯಿಂದ ತುಂಬಿ ಚುಕ್ಕಿಯಾಗುತ್ತದೆ. 'ಮುದ್ದೇಬಿಹಾಳ'ದ ದ್ದೇಯಲ್ಲಿ ಕಷ್ಟ ಇಮ್ಮಡಿ: ಒತ್ತು ಅಳತೆಯಲ್ಲಿ ಕಿರಿದು, ಆದರೆ ಗೆರೆಯ ದಪ್ಪ ಮೇಲಿನ ಅಕ್ಷರಕ್ಕೆ ಹೊಂದಬೇಕು. ಎಲ್ಲ ಗೆರೆಯನ್ನೂ ಸಮನಾಗಿ ಉಬ್ಬಿಸಿದರೆ ಸಾಲದು. ಕೂಡುವಲ್ಲಿ ತೆಳುವಾಗಿಸಿ ಬಾಗುವಲ್ಲಿ ದಪ್ಪವಾಗಿಸಬೇಕು.

ಬಳಕೆ

ಪತ್ರಿಕೆಯ ತಲೆಬರಹ, ಪಠ್ಯದ ಪಾಠದ ಹೆಸರು, ಲಗ್ನಪತ್ರಿಕೆಯ ವಧೂವರರ ಹೆಸರು, ಜಾತ್ರೆಯ ಬ್ಯಾನರ್, ಅಂಗಡಿಯ ಫಲಕ ಇವೆಲ್ಲ ದಪ್ಪಕ್ಷರದ ನೆಲೆಗಳು. ದೂರದಿಂದ ಓದುವ ಫಲಕಕ್ಕೆ ಬಾಲೂ ತಮ್ಮದಂಥ ಗುಂಡನೆಯ ಫಾಂಟ್ ಒಪ್ಪುತ್ತದೆ. ಪುಸ್ತಕದ ಪುಟಕ್ಕೆ ನೋಟೋ ಸೆರಿಫ್ ಕನ್ನಡದಲ್ಲಿ ತೀರ ತೆಳುವಿನಿಂದ ಕಡುದಪ್ಪದವರೆಗೆ 9 ತೂಕಗಳಿವೆ. ಟೈರೋ ಕನ್ನಡದಲ್ಲಿ ನೇರ ಮತ್ತು ಓರೆ ರೂಪಗಳಷ್ಟೇ ಇವೆ. ದಪ್ಪ ರೂಪವಿಲ್ಲದ ಫಾಂಟಿಗೆ 'ಬೋಲ್ಡ್' ಗುಂಡಿ ಒತ್ತಿದರೆ ತಂತ್ರಾಂಶ ಅಂಚನ್ನು ಸುತ್ತಲೂ ಉಬ್ಬಿಸುತ್ತದೆ. ಮೊದಲು ಬಲಿಯಾಗುವುದು ಧದ ಸೀಳು.

ಸೆರಿಫನ್ನು ಅಲಂಕಾರವೆಂದು ಬೆಳೆಸಬಹುದು, ಬಿಡಬಹುದು. ತಲೆಕಟ್ಟು ಕಾಗುಣಿತದ ಅಂಗ. ಅದರ ದಪ್ಪವನ್ನು ಗುಡಿಸು, ಸೀಳು, ಒತ್ತುಗಳ ಜತೆಗೇ ತೂಗಬೇಕು. ಹೊಸ ಫಾಂಟ್ ಕೈಗೆ ಬಂದಾಗ ಅದರ ದಪ್ಪ ರೂಪದಲ್ಲಿ 'ಇಂಡಿ', 'ಮುದ್ದೇಬಿಹಾಳ' ಎಂದು ಸಣ್ಣ ಅಳತೆಯಲ್ಲಿ ಅಚ್ಚುಹಾಕಿ ನೋಡಿದರೆ ಸಾಕು. ಸೊನ್ನೆಯ ಕಣ್ಣು ತೆರೆದಿದ್ದು, ಒತ್ತು ತಿಳಿಯಾಗಿದ್ದರೆ ಆ ಫಾಂಟ್ ಮಾಡಿದವರಿಗೆ ಕನ್ನಡದ ಗೆರೆ ಗೊತ್ತಿದೆ ಎಂದೇ ಅರ್ಥ.