ಡೊಂಕು ದಾರಿಯ ಧಮನಿಗಳು

ಹೃದಯದಿಂದ ಹೊರಟ ರಕ್ತ ಮಿದುಳನ್ನು ಸೇರುವ ದಾರಿ ನೇರವಾದುದಲ್ಲ. ಮಹಾಧಮನಿ ಮೊದಲು ಮೇಲಕ್ಕೇರಿ ಕಮಾನಿನಂತೆ ಬಾಗುತ್ತದೆ. ಆ ಕಮಾನಿನ ನೆತ್ತಿಯಿಂದ ಕತ್ತಿನ ಧಮನಿಗಳು ಕವಲೊಡೆಯುತ್ತವೆ. ತಲೆಬುರುಡೆಯ ತಳದ ಮೂಳೆಯೊಳಗೆ ನುಗ್ಗುವಾಗ ಅವು ಮತ್ತೆ ಮತ್ತೆ ಹೊರಳಿಕೊಳ್ಳುತ್ತವೆ. ವಯಸ್ಸಾದಂತೆ, ರಕ್ತದೊತ್ತಡ ಏರಿದಂತೆ, ಈ ನಾಳಗಳು ಉದ್ದವಾಗಿ ಇನ್ನಷ್ಟು ಡೊಂಕಾಗುತ್ತವೆ. ಕೆಲವರ ಕತ್ತಿನಲ್ಲಿ ಧಮನಿಯು ಪೂರ್ತಿ ಒಂದು ಸುತ್ತು ಸುತ್ತಿಕೊಂಡಿರುವುದೂ ಉಂಟು. ಇಂಥ ದಾರಿಯ ಕೊನೆಯಲ್ಲಿ ಅಡಗಿ ಕುಳಿತ ಒಂದು ಕಾಯಿಲೆಯನ್ನು, ತಲೆಯನ್ನು ತೆರೆಯದೆ, ರಕ್ತ ಹರಿಯುವ ಹಾದಿಯಲ್ಲಿಯೇ ನಡೆದುಹೋಗಿ ವಾಸಿಮಾಡಲು ಮನುಷ್ಯ ಕಲಿತದ್ದು ಹೇಗೆ ಎಂಬುದು ಇಂದಿನ ನನ್ನ ಮಾತಿನ ವಸ್ತು. ನಾನು ವೈದ್ಯನಲ್ಲ, ಕನ್ನಡದ ಪಾಠ ಹೇಳಿಕೊಂಡು ಬಂದವನು. ಆದರೆ ಈ ಕಥೆ ವೈದ್ಯರಿಗೆ ಮಾತ್ರ ಮೀಸಲಾಗತಕ್ಕದ್ದಲ್ಲ ಎಂದು ನನಗೆ ತೋರಿದೆ.

ಕಾಯಿಲೆಯ ಹೆಸರು ಅನ್ಯೂರಿಸಮ್. ಹಿಗ್ಗುವಿಕೆ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಮಿದುಳಿನ ತಳದಲ್ಲಿ ಧಮನಿಗಳು ಕವಲೊಡೆಯುವ ಎಡೆಯಲ್ಲಿ ಗೋಡೆ ತೆಳ್ಳಗಾಗಿ, ರಕ್ತದ ಒತ್ತಡಕ್ಕೆ ಹೊರಕ್ಕೆ ಉಬ್ಬಿ, ತೊಟ್ಟಿನಿಂದ ತೂಗುವ ಸಣ್ಣ ಹಣ್ಣಿನಂತಾಗುತ್ತದೆ. ತೊಟ್ಟಿನ ಭಾಗವನ್ನು ವೈದ್ಯರು ಕೊರಳೆಂದು ಕರೆಯುತ್ತಾರೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇದು ಇರುತ್ತದೆ; ಹೆಚ್ಚಿನವರಿಗೆ ಅದು ಇರುವುದೇ ತಿಳಿಯದೆ ಆಯುಷ್ಯ ಕಳೆದುಹೋಗುತ್ತದೆ. ಆದರೆ ಸಿಡಿದರೆ, ಹಿಂದೆಂದೂ ಕಾಣದ ತಲೆನೋವು ಒಂದು ಕ್ಷಣದಲ್ಲಿ ಎರಗುತ್ತದೆ. ಅನೇಕರು ಉಳಿಯುವುದಿಲ್ಲ. ಉಳಿದವರನ್ನು ಕಾಡುವುದು ಅದು ಮತ್ತೊಮ್ಮೆ ಸಿಡಿದೀತೆಂಬ ಭಯ.

ಮಿದುಳಿನ ತಳದ ಧಮನಿಗಳು ಬಳೆಯಂತೆ ಕೂಡಿಕೊಂಡಿರುವುದನ್ನು ಇಂಗ್ಲೆಂಡಿನ ಥಾಮಸ್ ವಿಲಿಸ್ 1664ರಲ್ಲಿಯೇ ವಿವರಿಸಿದ್ದನು. ಅವನ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟವರಲ್ಲಿ, ಮುಂದೆ ಲಂಡನ್ನಿನ ಸಂತ ಪಾಲರ ದೇಗುಲವನ್ನು ಕಟ್ಟಿದ ಕ್ರಿಸ್ಟೋಫರ್ ರೆನ್ ಒಬ್ಬನು. ಆದರೆ ಅದು ಸತ್ತವರ ಮಿದುಳಿನ ದರ್ಶನ. ಬದುಕಿರುವವನ ತಲೆಯೊಳಗಿನ ನಾಳಗಳನ್ನು ಕಾಣುವುದಕ್ಕೆ ಇನ್ನೂ ಇನ್ನೂರ ಅರವತ್ತು ವರ್ಷ ಕಾಯಬೇಕಾಯಿತು.

ಅದನ್ನು ಸಾಧಿಸಿದವನು ಪೋರ್ಚುಗಲ್ಲಿನ ಎಗಾಸ್ ಮೊನೀಸ್. ರಾಜಕಾರಣಿಯಾಗಿ, ವಿದೇಶಾಂಗ ಮಂತ್ರಿಯಾಗಿ ಮೆರೆದು, ಐವತ್ತು ದಾಟಿದ ಮೇಲೆ ಪ್ರಯೋಗಕ್ಕೆ ಕೈಹಾಕಿದವನು ಇವನು. ಕೈ ಎಂದದ್ದು ರೂಢಿಯ ಮಾತು. ಸಂಧಿವಾತದಿಂದ ಅವನ ಕೈಗಳು ಸೂಜಿ ಹಿಡಿಯಲಾರದಷ್ಟು ಕೆಟ್ಟಿದ್ದವು. ಸೂಜಿ ಹಿಡಿದವನು ಅಲ್ಮೇಯ್ಡ ಲೀಮ ಎಂಬ ಕಿರಿಯ ಸಹಚರ. ಕತ್ತಿನ ಧಮನಿಗೆ ದ್ರಾವಣವೊಂದನ್ನು ಚುಚ್ಚಿ ಆ ಕ್ಷಣದಲ್ಲಿಯೇ ಕ್ಷಕಿರಣದ ಚಿತ್ರ ತೆಗೆಯುವುದು ಅವರ ಉಪಾಯ. ಮೊದಲಿಗೆ ಬಳಸಿದ ಬ್ರೋಮೈಡಿನ ದ್ರಾವಣದಿಂದ ಚಿತ್ರ ಸರಿಯಾಗಿ ಬರಲಿಲ್ಲ. ಒಬ್ಬ ರೋಗಿ ತೀರಿಕೊಂಡನು. ಕೆಲಕಾಲ ನಿಲ್ಲಿಸಿ, ಸೋಡಿಯಂ ಅಯೋಡೈಡಿಗೆ ತಿರುಗಿ, 1927ರ ಜೂನ್ ತಿಂಗಳಲ್ಲಿ ಅವರು ಗೆದ್ದರು. ಬುರುಡೆಯೊಳಗೆ ಧಮನಿಯು ಹೊರಳುವ ತಿರುವಿಗೆ ‘ಸೈಫನ್’ ಎಂಬ ಹೆಸರನ್ನಿಟ್ಟವನೂ ಮೊನೀಸನೇ. ಡೊಂಕನ್ನು ಮೊದಲು ಕಂಡವನಿಗೆ ಅದಕ್ಕೆ ಹೆಸರಿಡುವ ಹಕ್ಕು ಸಹಜವಾಗಿಯೇ ಬಂದಿತು. ವಿಚಿತ್ರವೆಂದರೆ, 1949ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದದ್ದು ಈ ಕೆಲಸಕ್ಕಲ್ಲ. ಮನೋರೋಗಿಗಳ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಗೆ. ಆ ಶಸ್ತ್ರಕ್ರಿಯೆಯನ್ನು ಲೋಕ ಇಂದು ಕೈಬಿಟ್ಟಿದೆ, ನಾಚಿಕೆಯಿಂದ ನೆನೆಯುತ್ತದೆ. ಬಹುಮಾನ ಕಾಣದ ಕೆಲಸ ಮಾತ್ರ ಇಂದಿಗೂ ದಿನದಿನವೂ ಜೀವ ಉಳಿಸುತ್ತಿದೆ.

ಕಂಡ ಮೇಲೆ ಕಟ್ಟುವ ಯೋಚನೆ ಬಂದಿತು. 1937ರ ಮಾರ್ಚಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ವಾಲ್ಟರ್ ಡ್ಯಾಂಡಿ ತಲೆಬುರುಡೆಯನ್ನು ತೆರೆದು, ಅನ್ಯೂರಿಸಮ್ಮಿನ ಕೊರಳಿಗೆ ಬೆಳ್ಳಿಯ ಚಿಮಟಿಯೊಂದನ್ನು ಬಿಗಿದನು. ರೋಗಿ ಚೇತರಿಸಿಕೊಂಡನು. ಮುಂದಿನ ಅರ್ಧ ಶತಮಾನ ಇದೇ ರಾಜಮಾರ್ಗವಾಯಿತು. ಸೂಕ್ಷ್ಮದರ್ಶಕ ಬಂದ ಮೇಲೆ ಇನ್ನಷ್ಟು ನಯವಾಯಿತು. ಆದರೂ ಮಿದುಳನ್ನು ಸರಿಸಿಯೇ ಒಳಗೆ ಹೋಗಬೇಕು. ಮಿದುಳು ಸರಿಸಿಕೊಳ್ಳಲು ಇಷ್ಟಪಡುವ ಅಂಗವಲ್ಲ.

ಒಳದಾರಿಯ ಬಾಗಿಲನ್ನು ತೆರೆದವನು ಸ್ವೀಡನ್ನಿನ ಸೆಲ್ಡಿಂಗರ್. ಸೂಜಿ ಚುಚ್ಚು, ಅದರೊಳಗೆ ತಂತಿ ತೂರಿಸು, ಸೂಜಿಯನ್ನು ಹಿಂತೆಗೆ, ತಂತಿಯ ಮೇಲೆ ನಳಿಕೆಯನ್ನು ಜಾರಿಸು: 1953ರಲ್ಲಿ ಅವನು ಪ್ರಕಟಿಸಿದ ಉಪಾಯ ಇಷ್ಟೇ. ಇದರಿಂದ ತೊಡೆಸಂದಿನ ಧಮನಿಯೇ ಇಡೀ ದೇಹದ ಹೆಬ್ಬಾಗಿಲಾಯಿತು.

ಬಾಗಿಲು ತೆರೆದರೆ ಸಾಲದು. ಡೊಂಕು ದಾರಿಯಲ್ಲಿ ನಡೆಯಬೇಕಲ್ಲ. ಮಾಸ್ಕೋ ನಗರದ ಬುರ್ದೆಂಕೊ ಸಂಸ್ಥೆಯಲ್ಲಿ ಫ್ಯೋದರ್ ಸೆರ್ಬಿನೆಂಕೊ ಎಂಬ ಶಸ್ತ್ರವೈದ್ಯನಿದ್ದನು. ಮೇ ದಿನದ ಉತ್ಸವದಲ್ಲಿ ಕೆಂಪು ಚೌಕದಲ್ಲಿ ಮಕ್ಕಳು ದಾರಕ್ಕೆ ಕಟ್ಟಿದ ಬುಗ್ಗೆಗಳನ್ನು ಹಿಡಿದು ಆಡುತ್ತಿದ್ದುದನ್ನು ಕಂಡು ಅವನಿಗೆ ಈ ವಿಚಾರ ಹೊಳೆಯಿತೆಂದು ಹೇಳುತ್ತಾರೆ. ಗಾಳಿ ಬುಗ್ಗೆಯನ್ನು ಒಯ್ಯುವಂತೆ ರಕ್ತವೂ ಒಯ್ಯಬಲ್ಲದು! ನಳಿಕೆಯ ತುದಿಗೆ ಕಟ್ಟಿದ ಕಿರಿಬುಗ್ಗೆಯನ್ನು ಸ್ವಲ್ಪ ಉಬ್ಬಿಸಿದರೆ ಪ್ರವಾಹವೇ ಅದನ್ನು ತಿರುವುಗಳ ಆಚೆ ಎಳೆದುಕೊಂಡು ಹೋಗುತ್ತದೆ. ತಲುಪಬೇಕಾದಲ್ಲಿ ತಲುಪಿದ ಮೇಲೆ ತುಂಬಿ, ಕಳಚಿ, ಅಲ್ಲೇ ಬಿಟ್ಟುಬರಬಹುದು. ಬೇಕಾದ ಬುಗ್ಗೆಗಳನ್ನು ಅವರು ಕೈಯಿಂದಲೇ ತಯಾರಿಸಿಕೊಂಡರು. 1974ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅವನ ಲೇಖನ ಪ್ರಕಟವಾದಾಗ ಪಾಶ್ಚಾತ್ಯ ವೈದ್ಯರು ಬೆರಗಾದರು. ಡೊಂಕನ್ನು ಬಲದಿಂದ ಗೆಲ್ಲದೆ, ಹೊಳೆಗೆ ಮೈಯೊಡ್ಡಿದ ದೋಣಿಯಂತೆ ದಾಟುವ ಈ ಕಲ್ಪನೆಯನ್ನು ನಾನು ಇಡೀ ಚರಿತ್ರೆಯ ಅತ್ಯಂತ ಸುಂದರವಾದ ಕಲ್ಪನೆಯೆಂದು ಎಣಿಸುತ್ತೇನೆ. ಆದರೆ ಸೌಂದರ್ಯವೊಂದೇ ಸಾಲಲಿಲ್ಲ. ಅನ್ಯೂರಿಸಮ್ಮಿನ ಚೀಲ ಉರುಟಾಗಿರುವುದಿಲ್ಲ, ಬುಗ್ಗೆ ಉರುಟು. ತುಂಬಿದ ಬುಗ್ಗೆ ತೆಳ್ಳನೆಯ ಗೋಡೆಯನ್ನು ಒತ್ತುತ್ತಿತ್ತು. ಕೆಲವೊಮ್ಮೆ ಗೋಡೆ ಸಿಡಿಯುತ್ತಿತ್ತು, ಕೆಲವೊಮ್ಮೆ ಬುಗ್ಗೆಯೇ ಕುಗ್ಗುತ್ತಿತ್ತು.

ಈ ತೊಡಕನ್ನು ಬಿಡಿಸಿದವನು ಇಟಲಿಯ ಗ್ವೀದೊ ಗುಲ್ಯೆಲ್ಮಿ. ರೋಮಿನಲ್ಲಿ ಮೊಲಗಳ ಮೇಲೆ ಪ್ರಯೋಗ ನಡೆಸುತ್ತ, ವಿದ್ಯುತ್ತಿನಿಂದ ರಕ್ತವನ್ನು ಹೆಪ್ಪುಗಟ್ಟಿಸಬಹುದೇ ಎಂದು ಅವನು ಹುಡುಕುತ್ತಿದ್ದನು. ಒಮ್ಮೆ ಉಕ್ಕಿನ ತಂತಿಯ ತುದಿ ವಿದ್ಯುತ್ತಿಗೆ ಕರಗಿ ಒಳಗೇ ಉಳಿದುಬಿಟ್ಟಿತು. ಇತರರು ವಿಫಲತೆಯೆಂದು ಬರೆದಿಡುತ್ತಿದ್ದ ಘಟನೆಯಿದು. ವರ್ಷಗಳ ಮೇಲೆ, ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ, ಅದೇ ಘಟನೆ ಉಪಕರಣವಾಯಿತು: ಕೂದಲಿನಂತೆ ಮೃದುವಾದ ಪ್ಲಾಟಿನಂ ಸುರುಳಿ, ಅದನ್ನು ತಳ್ಳುವ ಉಕ್ಕಿನ ತಂತಿ, ಎರಡರ ನಡುವೆ ಅಲ್ಪ ವಿದ್ಯುತ್ತಿಗೆ ಕರಗುವ ಬೆಸುಗೆ. ಸುರುಳಿಯನ್ನು ಚೀಲದೊಳಗೆ ಸುತ್ತಿಡಬಹುದು, ಮನಸ್ಸಿಗೆ ಬಾರದಿದ್ದರೆ ಹಿಂದೆಳೆಯಬಹುದು, ಒಪ್ಪಿಗೆಯಾದರೆ ಕಳಚಬಹುದು. 1990ರಲ್ಲಿ ರೋಗಿಗಳಲ್ಲಿ ಮೊದಲ ಬಳಕೆ, 1991ರಲ್ಲಿ ಪ್ರಕಟಣೆ, 1995ರಲ್ಲಿ ಅಮೆರಿಕದ ಸರಕಾರದ ಅನುಮತಿ.

ಆ ಬಳಿಕ ಕಲಹ ಹುಟ್ಟಿತು: ತೆರೆದು ಚಿಮಟಿ ಬಿಗಿಯುವುದು ಮೇಲೋ, ಒಳದಾರಿಯ ಸುರುಳಿ ಮೇಲೋ? ಆಕ್ಸ್‌ಫರ್ಡಿನ ಮುಂದಾಳ್ತನದಲ್ಲಿ ನಡೆದ ಅಂತರರಾಷ್ಟ್ರೀಯ ಪರೀಕ್ಷೆಯ ಫಲ 2002ರಲ್ಲಿ ಹೊರಬಂತು. ಸಿಡಿದ ಅನ್ಯೂರಿಸಮ್ಮಿನ 2143 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿದ್ದರು. ಒಂದು ವರ್ಷದ ಬಳಿಕ ಮರಣ ಹೊಂದಿದವರು ಅಥವಾ ಪರಾಧೀನರಾದವರು ಸುರುಳಿಯ ಪಂಗಡದಲ್ಲಿ ನೂರಕ್ಕೆ 23.7, ಶಸ್ತ್ರಕ್ರಿಯೆಯ ಪಂಗಡದಲ್ಲಿ 30.6. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದುದರಿಂದ ಹೊಸ ರೋಗಿಗಳನ್ನು ಸೇರಿಸುವುದನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಒಳದಾರಿಗೆ ಗೆಲವಾಯಿತೆಂದು ಜನ ಸಾರಿದರು.

ಇಲ್ಲಿ ಇನ್ನೊಂದು ಸಂಖ್ಯೆಯನ್ನು ಶ್ರೋತೃಗಳು ಗಮನಿಸಬೇಕು. ಪರೀಕ್ಷೆಗಾಗಿ ಪರಿಶೀಲಿಸಿದ ರೋಗಿಗಳು 9559, ಸೇರಿಸಿಕೊಂಡದ್ದು 2143. ಎರಡು ಚಿಕಿತ್ಸೆಗೂ ಸಮಾನವಾಗಿ ತಕ್ಕವನೆಂದು ವೈದ್ಯರು ಒಪ್ಪಿದ ರೋಗಿಗೆ ಮಾತ್ರ ಪ್ರವೇಶ. ಕೊರಳು ಅಗಲವಾದವನು, ದಾರಿ ತೀರ ಡೊಂಕಾದವನು, ಚೀಲದಿಂದಲೇ ಕವಲುಧಮನಿ ಹೊರಟವನು, ಇಂಥವರಲ್ಲಿ ಹೆಚ್ಚಿನವರು ಹೊರಗೇ ಉಳಿದರು. ವಿಜ್ಞಾನದ ಶಿಸ್ತಿಗೆ ಅದು ಅಗತ್ಯವೇ ಆಗಿದ್ದೀತು. ಆದರೆ ಸುಲಭದವರಿಗೆ ಸಿಕ್ಕ ಉತ್ತರವನ್ನು ಕಷ್ಟದವರಿಗೂ ಹಂಚುವ ಆತುರವನ್ನು ನಾನು ಒಪ್ಪಲಾರೆ. ಸುರುಳಿ ತುಂಬಿದ ಚೀಲ ಕಾಲಾಂತರದಲ್ಲಿ ಮತ್ತೆ ತೆರೆದುಕೊಳ್ಳುವ ಸಂಭವ ಚಿಮಟಿ ಬಿಗಿದುದಕ್ಕಿಂತ ಹೆಚ್ಚೆಂಬುದೂ ಮುಂದೆ ತಿಳಿದುಬಂದಿತು.

ಹೂಜಿಯಲ್ಲಿ ತುಂಬಿದ್ದು ಹೂಜಿಯಲ್ಲಿ ನಿಲ್ಲುತ್ತದೆ. ಬೋಗುಣಿಯನ್ನು ಓರೆಮಾಡಿದರೆ ಚೆಲ್ಲುತ್ತದೆ. ಅಗಲ ಕೊರಳಿನ ತೊಂದರೆ ಇದೇ: ಸುರುಳಿ ಧಮನಿಗೆ ಜಾರಿದರೆ ಮಿದುಳಿಗೆ ಹೋಗುವ ರಕ್ತವೇ ನಿಂತೀತು. ಪ್ಯಾರಿಸಿನ ಜಾಕ್ ಮೊರೆ, ಸುರುಳಿ ತುಂಬುವಷ್ಟು ಹೊತ್ತು ಕೊರಳಿಗೆ ಅಡ್ಡಲಾಗಿ ಬುಗ್ಗೆಯೊಂದನ್ನು ಉಬ್ಬಿಸಿ ಹಿಡಿದನು. ಮುಂದೆ ಬಲೆಯಂಥ ಲೋಹದ ಕೊಳವೆಗಳು, ಎಂದರೆ ಸ್ಟೆಂಟುಗಳು, ಅಲ್ಲಿಯೇ ಶಾಶ್ವತವಾಗಿ ನಿಲ್ಲಲು ಬಂದವು. ಅದರಿಂದಲೂ ಮುಂದಿನದು ಒತ್ತಾಗಿ ನೇಯ್ದ ಕೊಳವೆ. 2011ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ಇದು ಚೀಲವನ್ನು ಮುಟ್ಟುವುದೇ ಇಲ್ಲ. ರಕ್ತದ ಹರಿವನ್ನು ಹಾದಿಗೆ ತಿರುಗಿಸುತ್ತದೆ, ಚೀಲ ತಿಂಗಳುಗಳಲ್ಲಿ ತಾನಾಗಿ ಹೆಪ್ಪುಗಟ್ಟುತ್ತದೆ. ಆದರೆ ಲೋಹ ಒಳಗೆ ಉಳಿದರೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡಬೇಕು. ಈಗಷ್ಟೇ ರಕ್ತ ಸೋರಿದ ಮಿದುಳಿಗೆ ಅದೇ ಔಷಧ ಅಪಾಯ. ಈ ಇಕ್ಕಟ್ಟಿನಲ್ಲಿ ರೋಗಿಯ ಮನೆಯವರ ಮುಂದೆ ನಿಂತು ಮಾತಾಡಬೇಕಾದ ವೈದ್ಯನ ಸ್ಥಿತಿಯನ್ನು ಊಹಿಸಿಕೊಳ್ಳಿ.

ಇನ್ನು ದಾರಿಯ ಡೊಂಕು. ಸುತ್ತಿಕೊಂಡ ಧಮನಿಯಲ್ಲಿ ಹೊರಗಿನಿಂದ ತಳ್ಳಿದ ಬಲ ತುದಿಗೆ ತಲುಪುವುದಿಲ್ಲ. ತಿರುವುಗಳಲ್ಲಿ ಕೂಡಿಕೊಂಡ ಆ ಬಲ ಇದ್ದಕ್ಕಿದ್ದಂತೆ ಬಿಡುಗಡೆಯಾದರೆ ತಂತಿ ಮುಂದಕ್ಕೆ ಹಾರಿ ಚೀಲವನ್ನೇ ತೂರೀತು. ಅದಕ್ಕಾಗಿ ನಳಿಕೆಯೊಳಗೆ ನಳಿಕೆ, ಅದರೊಳಗೆ ಇನ್ನೊಂದು, ಹೊರಗಿನದು ಗಟ್ಟಿ, ಒಳಗಿನದು ಮೆತ್ತಗೆ, ಹೀಗೆ ಮೆಟ್ಟಿಲಾಗಿ ಸಾಗುವ ಪದ್ಧತಿ ಬೆಳೆದಿದೆ. ತೊಡೆಯಿಂದ ಸಾಗದಿದ್ದರೆ ಮುಂಗೈಯ ಧಮನಿಯಿಂದ ಹೋಗುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಒಳದಾರಿಯ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ.

ಅದೂ ಇದೂ ಸಾಗದ ವೃದ್ಧ ರೋಗಿಗಳು ಕೆಲವರು ಇದ್ದೇ ಇರುತ್ತಾರೆ. ಅವರಲ್ಲಿ ಮಹಾಧಮನಿಯ ಕಮಾನನ್ನೇ ಬಿಟ್ಟು, ಕತ್ತಿನ ಧಮನಿಗೆ ನೇರವಾಗಿ ಸೂಜಿ ಚುಚ್ಚಿ ಒಳಹೊಗುವುದುಂಟು. 1927ರಲ್ಲಿ ಲೀಮ ಸೂಜಿ ಊರಿದ ಜಾಗವೂ ಅದೇ.