ಬೈಕಿನ ಚಕ್ರದ ಬೇರಿಂಗ್

ಚಕ್ರದ ಹಬ್‌ಗೂ ಆಕ್ಸಲ್‌ಗೂ ನಡುವೆ ಕೂತು, ಚಕ್ರ ಸಲೀಸಾಗಿ ತಿರುಗುವಂತೆ ಮಾಡುವ ಉಕ್ಕಿನ ಬಳೆ. ಒಳಬಳೆ, ಹೊರಬಳೆ, ನಡುವೆ ಗುಂಡುಗಳು, ಗ್ರೀಸು. ಮೇಲೆ ಕೊರೆದ ಅಂಕಿಯೇ ಅದರ ಅಳತೆ: 6301 ಎಂದರೆ ಒಳವ್ಯಾಸ 12 ಮಿ.ಮೀ., 6202 ಎಂದರೆ 15. ಹಳೆಯದರ ಅಂಕಿ ಬರೆದುಕೊಂಡೇ ಅಂಗಡಿಗೆ ಹೋಗುವುದು ಜಾಣತನ.

ಯಳಂದೂರಿನಿಂದ ಗುಂಬಳ್ಳಿ ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತುವ ತಿರುವುಗಳಲ್ಲಿ, ಹನೂರಿನ ಕಡೆಯ ಮಣ್ಣುದಾರಿಗಳಲ್ಲಿ ಬೇರಿಂಗಿಗೆ ಶತ್ರು ಭಾರಕ್ಕಿಂತ ನೀರು. ಹಳ್ಳ ದಾಟಿದಾಗಲೋ ಸರ್ವಿಸ್‌ನಲ್ಲಿ ಜೋರು ನೀರು ಹೊಡೆದಾಗಲೋ ರಬ್ಬರ್ ಸೀಲು ದಾಟಿ ತೇವ ನುಗ್ಗುತ್ತದೆ. ಗ್ರೀಸು ಹಾಲುಬಣ್ಣಕ್ಕೆ ತಿರುಗಿ, ಆಮೇಲೆ ತುಕ್ಕು.

ಪರೀಕ್ಷೆ ಸುಲಭ. ಡಬಲ್ ಸ್ಟ್ಯಾಂಡ್ ಹಾಕಿ, ಟೈರನ್ನು ಮೇಲೊಂದು ಕೆಳಗೊಂದು ಕೈಯಲ್ಲಿ ಹಿಡಿದು ಅಲುಗಿಸಬೇಕು. ಲೊಟಕ್ ಎಂದರೆ ಬೇರಿಂಗ್ ಸವೆದಿರಬಹುದು. ಖಚಿತವಾಗಬೇಕಾದರೆ ಚಕ್ರ ಬಿಚ್ಚಿ, ಒಳಬಳೆಗೆ ಬೆರಳಿಟ್ಟು ತಿರುಗಿಸಿ ನೋಡಬೇಕು: ಮರಳು ಸಿಕ್ಕಂತೆ ಕರಕರ ಎಂದರೆ ಬದಲಿಸಲೇಬೇಕು.

ಹಳೆಯದನ್ನು ಹಬ್‌ನ ಇನ್ನೊಂದು ಬದಿಯಿಂದ ರಾಡ್ ಇಟ್ಟು, ಸುತ್ತಲೂ ಸಮನಾಗಿ ತಟ್ಟಿ ತೆಗೆಯುತ್ತಾರೆ. ಈ ಪೆಟ್ಟು ಒಳಬಳೆಯ ಮೇಲೆ ಬೀಳುವುದರಿಂದ ತೆಗೆದದ್ದು ಮತ್ತೆ ಬಳಕೆಗೆ ಬಾರದು. ಹೊಸದನ್ನು ಕೂರಿಸುವಾಗ ಹೊರಬಳೆಯ ಅಳತೆಯ ಸಾಕೆಟ್ ಇಟ್ಟು ಅದರ ಮೇಲಷ್ಟೇ ಹೊಡೆಯಬೇಕು. ಹಬ್ಬನ್ನು ಕೊಂಚ ಬಿಸಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಎರಡು ಬೇರಿಂಗುಗಳ ನಡುವಿನ ಕೊಳವೆ ಮರೆತರೆ, ಆಕ್ಸಲ್ ನಟ್ ಬಿಗಿದಷ್ಟೂ ಒಳಬಳೆಗಳು ಒತ್ತಿಹೋಗಿ ಹೊಸ ಬೇರಿಂಗೂ ಬೇಗನೆ ಹಾಳಾಗುತ್ತದೆ. ಹಿಂಚಕ್ರದ ಸ್ಪ್ರಾಕೆಟ್ ಬದಿಯಲ್ಲಿ ಹಲವು ಬೈಕುಗಳಿಗೆ ಇನ್ನೊಂದು ಬೇರಿಂಗ್ ಇರುತ್ತದೆ. ಎಲ್ಲರೂ ಮರೆಯುವುದು ಅದನ್ನೇ.